ರೋಮಿನ ಹಿಟ್ಟು ಬೀಸಿದವರ ಕಥೆಯೂ ಬರಲಿ

ಮಾನ್ಯರೇ,

ರೋಮ್ ಎಂದ ಕೂಡಲೇ ನಮ್ಮ ಪಾಠಗಳಲ್ಲಿ, ಲೇಖನಗಳಲ್ಲಿ ಬರುವುದು ಸೀಸರ್, ಕೊಲೋಸಿಯಂ, ಗ್ಲಾಡಿಯೇಟರ್. ರೋಮನ್ ಊರುಗಳಿಗೆ ದಿನವೂ ಅನ್ನ ಹಾಕಿದ ಗುಲಾಮರಿಗೆ ಒಂದೆರಡು ಸಾಲು ಸಿಕ್ಕರೆ ಜಾಸ್ತಿ. ಇದು ನನಗೆ ಬೇಸರ ತರಿಸುತ್ತದೆ.

2023ರಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಊರು ಪಾಂಪೆಯಲ್ಲಿ ಅಗೆದಾಗ ಒಂದು ಬೇಕರಿ ಸಿಕ್ಕಿತು. ಅಲ್ಲಿಂದ ನೇರವಾಗಿ ಬೀದಿಗೆ ಬಾಗಿಲೇ ಇಲ್ಲ. ಪುಟ್ಟ ಕಿಟಕಿಗಳು, ಅವಕ್ಕೂ ಕಬ್ಬಿಣದ ಸರಳು. ಕಣ್ಣು ಕಟ್ಟಿದ ಕತ್ತೆಗಳೂ ಗುಲಾಮರೂ ಒಟ್ಟಿಗೇ ಅಲ್ಲಿ ಹಿಟ್ಟು ಬೀಸುತ್ತಿದ್ದರು. ಒಂದೇ ಜಾಡಿನಲ್ಲಿ ಸುತ್ತಲೆಂದು ನೆಲದ ಕಲ್ಲಿನಲ್ಲಿ ಕೊರೆದ ಗುರುತುಗಳು ಇವತ್ತಿಗೂ ಹಾಗೇ ಇವೆ.

ಅದಕ್ಕೂ ಮೊದಲು, 2021ರಲ್ಲಿ, ಪಾಂಪೆಯ ಹೊರಗಿನ ಬಂಗಲೆಯೊಂದರಲ್ಲಿ ಗುಲಾಮರ ಕೋಣೆ ಸಿಕ್ಕಿತ್ತು. ಬರೀ 16 ಚದರ ಮೀಟರ್. ಸಾಮಾನುಗಳ ನಡುವೆ ಮೂರು ಮಂಚ. ಒಂದರ ಉದ್ದ 1.4 ಮೀಟರ್ ಅಷ್ಟೇ. ಮಗುವಿನದೇ ಇರಬೇಕು ಅಲ್ವಾ?

ಜಮೀನ್ದಾರರಿಗಾಗಿ ರೋಮಿನ ರಾಜಕಾರಣಿ ಕೇಟೋ ಬರೆದ ಬೇಸಾಯದ ಕೈಪಿಡಿ ಓದಿದರೆ ಹೊಟ್ಟೆ ಉರಿಯುತ್ತದೆ. ಗುಲಾಮರಿಗೆ ಎರಡು ವರ್ಷಕ್ಕೊಮ್ಮೆ ಅಂಗಿ ಕೊಡಿ, ಹಳೆಯದನ್ನು ತೇಪೆ ಹಾಕಲು ವಾಪಸ್ ಪಡೆಯಿರಿ ಎನ್ನುತ್ತಾನೆ. ಮುದಿ ಎತ್ತು, ಹಳೇ ಗಾಡಿಯ ಜೊತೆ ಮುದುಕ ಗುಲಾಮನನ್ನೂ ಮಾರಿಬಿಡಿ ಎನ್ನುತ್ತಾನೆ.

ಮೇಷ್ಟ್ರು, ವೈದ್ಯ, ಲೆಕ್ಕ ಬರೆಯುವವರಾಗಿದ್ದ ಗುಲಾಮರೂ ಇದ್ದರು. ಕೆಲವರಿಗೆ ಬಿಡುಗಡೆಯೂ ಸಿಗುತ್ತಿತ್ತು. ಗಣಿಯಲ್ಲಿ, ಹೊಲದಲ್ಲಿ ದುಡಿದವರಿಗೆ ಆ ಅದೃಷ್ಟ ಬಹಳ ಕಡಿಮೆ.

ನಿಮ್ಮ ಮಕ್ಕಳ ಪುರವಣಿಯಲ್ಲಿ ರೋಮಿನ ಬಗ್ಗೆ ಬರೆಯುವಾಗ ದಯವಿಟ್ಟು ಈ ಬೇಕರಿಯ ಚಿತ್ರವನ್ನೂ ಹಾಕಿ.

– ಓದುಗ, ಧಾರವಾಡ