ಇಳಿಜಾರು ರ್ಯಾಕ್‌ಗೆ ಹೊಸ ಕ್ರಮ: ಲಾರಿ ಕಳಿಸುವ ಮೊದಲು ಓದಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಬೈಕಂಪಾಡಿ ಗೋದಾಮಿನಲ್ಲಿ ಒಂದು ಅಭ್ಯಾಸ ಪೂರ್ತಿ ನಿಲ್ಲುತ್ತದೆ. ಇಳಿಜಾರು ರ್ಯಾಕ್‌ನಲ್ಲಿ ಪ್ಯಾಲೆಟ್ (ಮಾಲು ಪೇರಿಸುವ ಮರದ ಅಡಿಹಲಗೆ) ಸಿಕ್ಕಿಕೊಂಡರೆ ಅದನ್ನು ನೂಕಲು ಇನ್ನು ಯಾರೂ ಲೇನ್ ಒಳಗೆ ಹತ್ತುವುದಿಲ್ಲ. ನಿಮ್ಮ ಲಾರಿ ಬಾಗಿಲಲ್ಲಿ ನಿಂತಿದ್ದರೂ ಇಲ್ಲ, ಕಂಟೇನರ್ ಸಂಜೆಯೊಳಗೆ ಪಣಂಬೂರು ಬಂದರಿನ ಗೇಟ್ ದಾಟಬೇಕು ಅಂದರೂ ಇಲ್ಲ.

ನಿಮ್ಮಲ್ಲಿ ಹೆಚ್ಚಿನವರು ನಮ್ಮ ಬಿಲ್ ನೋಡಿದ್ದೀರಿ, ರ್ಯಾಕ್ ನೋಡಿಲ್ಲ. ಹಾಗಾಗಿ ಸ್ವಲ್ಪ ವಿವರ. ಒಂದು ಲೇನ್‌ನಲ್ಲಿ ಎಂಟು ಪ್ಯಾಲೆಟ್ ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಿಂದಿನ ತುದಿ ಎತ್ತರ, ಮುಂದಿನದು ತಗ್ಗು, ಇಳಿಜಾರು ನೂರಕ್ಕೆ 4ರಷ್ಟು. ಹಿಂದಿನಿಂದ ಇಟ್ಟದ್ದು ರೋಲರ್ ಮೇಲೆ ತಾನಾಗಿ ಮುಂದೆ ಬರುತ್ತದೆ, ಮೊದಲು ಬಂದ ಮಾಲು ಮೊದಲು ಹೋಗುತ್ತದೆ. ಗೇರು ತಿರುಳು, ಮಸಾಲೆ, ಬಿಸ್ಕತ್ತಿನಂಥ ತಾರೀಕು ನೋಡುವ ಮಾಲಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ನಮಗೆ ಗೊತ್ತಿಲ್ಲ. ಕರೆಂಟ್ ಬೇಡ, ಮೋಟಾರ್ ಬೇಡ.

ಅಪಾಯ ಇರುವುದೂ ಅಲ್ಲೇ. ಕನ್ವೇಯರ್ ಆದರೆ ಸ್ವಿಚ್ ಆಫ್ ಮಾಡಬಹುದು. ಭೂಮಿಯ ಸೆಳೆತಕ್ಕೆ ಸ್ವಿಚ್ ಎಲ್ಲಿಂದ ತರುವುದು ಮಾರಾಯ್ರೇ? ಸಾವಿರ ಕೆ.ಜಿ.ಯ ಎಂಟು ಪ್ಯಾಲೆಟ್ ಸಾಲಾಗಿ ನಿಂತರೆ, ರೋಲರ್‌ನ ಘರ್ಷಣೆ ಲೆಕ್ಕಕ್ಕೆ ಹಿಡಿಯದಿದ್ದರೆ, ಮುಂದಿನ ತಡೆಯ ಮೇಲೆ ಬೀಳುವ ನೂಕು ಸುಮಾರು 320 ಕೆ.ಜಿ. ಅದಕ್ಕೇ ಅಲ್ಲಲ್ಲಿ ಬ್ರೇಕ್ ರೋಲರ್ ಉಂಟು, ಪ್ಯಾಲೆಟ್ ಸೆಕೆಂಡಿಗೆ 30 ಸೆಂ.ಮೀ. ಆಸುಪಾಸಿನ ವೇಗ ದಾಟದ ಹಾಗೆ ಅದು ಹಿಡಿಯುತ್ತದೆ. ಮುಂದಿನ ತುದಿಯಲ್ಲಿ ಸೆಪರೇಟರ್ ಉಂಟು: ಮೊದಲ ಪ್ಯಾಲೆಟ್ ಹೊರಗೆ ಹೋಗುವ ತನಕ ಎರಡನೆಯದನ್ನು ಅದು ತಡೆದು ನಿಲ್ಲಿಸುತ್ತದೆ. ಇವೆಲ್ಲ ಪ್ಯಾಲೆಟ್ ಸರಿಯಾಗಿ ಹರಿಯುತ್ತಿದ್ದಾಗ ಕೆಲಸಕ್ಕೆ ಬರುತ್ತವೆ. ಒಂದು ಮೊಳೆಯೋ ಮುರಿದ ಮರದ ಪಟ್ಟಿಯೋ ರೋಲರ್‌ಗೆ ಸಿಕ್ಕಿ ಪ್ಯಾಲೆಟ್ ನಡುವೆ ನಿಂತಾಗ, ಒಳಗೆ ಹೋದ ಹುಡುಗ ಅದನ್ನು ಬಿಡಿಸಿದ ಕ್ಷಣವೇ ಹಿಂದಿನ ಭಾರವೆಲ್ಲ ಅವನ ಕಡೆಗೆ ಹೊರಡುತ್ತದೆ. ಓಡಿ ತಪ್ಪಿಸಿಕೊಳ್ಳಲು ಅಲ್ಲಿ ಜಾಗ ಇಲ್ಲ, ಕಾಲಡಿ ಇರುವುದು ತಿರುಗುವ ರೋಲರ್.

ಇನ್ನು ಮುಂದೆ ಸಿಕ್ಕಿಕೊಂಡ ಲೇನ್‌ಗೆ ಮೊದಲು ಎರಡೂ ತುದಿಯಲ್ಲಿ ಕೆಂಪು ಫಲಕ ಬೀಳುತ್ತದೆ, ಹಿಂದಿನಿಂದ ಯಾರೂ ಹೊಸ ಪ್ಯಾಲೆಟ್ ಇಡದ ಹಾಗೆ. ಮುಂದಿನವನ್ನು ಖಾಲಿ ಮಾಡಿ, ಹಿಂದಿನವು ಸರಿಯದಂತೆ ಬಿಗಿದು, ಆಮೇಲೆ ತರಬೇತಿ ಆದ ಇಬ್ಬರು ಬೆಲ್ಟ್ ಹಾಕಿಕೊಂಡು ಲಿಫ್ಟ್ ವೇದಿಕೆಯಿಂದ, ರ್ಯಾಕ್‌ನ ಹೊರಗೆ ಪಕ್ಕದಲ್ಲೇ ಇದ್ದು ಬಿಡಿಸುತ್ತಾರೆ. ಬೇಗ ಅಂದರೆ ಒಂದು ಗಂಟೆ, ತಡ ಅಂದರೆ ಅರ್ಧ ದಿನ. ಆ ಹೊತ್ತಿನಲ್ಲಿ ದಯವಿಟ್ಟು ಸೂಪರ್‌ವೈಸರ್‌ಗೆ ಬಿಟ್ಟೂ ಬಿಡದೆ ಫೋನ್ ಮಾಡಬೇಡಿ. "ಲಾರಿ ಕಾಯ್ತಾ ಉಂಟು, ಏನಾದ್ರೂ ಮಾಡಿ" ಅನ್ನುವ ಮಾತೇ ಹುಡುಗರನ್ನು ಒಳಗೆ ಹತ್ತಿಸುವುದು.

ನಿಮ್ಮ ಕೆಲಸ ನಿಲ್ಲಬಾರದಲ್ಲ, ಅದಕ್ಕೊಂದು ದಾರಿ ಉಂಟು. ಅರ್ಜೆಂಟ್ ಇರುವ ಲಾಟನ್ನು ಎರಡು ಲೇನ್‌ಗೆ ಹಂಚಿ ಇಡಲು ಹೇಳಿ. ಒಂದು ನಿಂತರೆ ಇನ್ನೊಂದರಿಂದ ಕೊಡುತ್ತೇವೆ, ಇದಕ್ಕೆ ಬಾಡಿಗೆ ಜಾಸ್ತಿ ಇಲ್ಲ. ಹೊರಗೆ ಹೋಗುವ ಮಾಲಿನ ಪಟ್ಟಿ ಹಿಂದಿನ ದಿನ ಸಂಜೆ 5ರೊಳಗೆ ಬರಲಿ.

ಇನ್ನು ನಿಮ್ಮ ಕಡೆಯಿಂದ ಆಗಬೇಕಾದದ್ದು, ಮುಖ್ಯವಾಗಿ ಪ್ಯಾಲೆಟ್. ಅಳತೆ 1200 ಗುಣಿಸು 1000 ಮಿ.ಮೀ. ಮಾತ್ರ. ಅಡಿಯ ಪಟ್ಟಿಗಳು ಮಾಲು ಹರಿಯುವ ದಿಕ್ಕಿಗೇ ಉದ್ದಕ್ಕೆ ಇರಬೇಕು, ಅಂದರೆ ರೋಲರ್‌ಗೆ ಅಡ್ಡ. ಉಲ್ಟಾ ಇಟ್ಟರೆ ಪಟ್ಟಿ ಎರಡು ರೋಲರ್ ನಡುವಿನ ಸಂದಿಗೆ ಇಳಿದು ಕುಳಿತುಬಿಡುತ್ತದೆ. ಎದ್ದ ಮೊಳೆ, ಸೀಳಿದ ಪಟ್ಟಿ, ಮಳೆಯಲ್ಲಿ ನೆನೆದು ಉಬ್ಬಿದ ಮರ ಇದ್ದರೆ ಗೇಟಿನಲ್ಲೇ ನಿಲ್ಲಿಸಿ ನಮ್ಮ ಪ್ಯಾಲೆಟ್‌ಗೆ ಬದಲಾಯಿಸುತ್ತೇವೆ. ಪ್ಯಾಲೆಟ್‌ಗೆ ಹಣ ಇಲ್ಲ, ಹಮಾಲಿ ಕೂಲಿ ಬಿಲ್‌ಗೆ ಸೇರುತ್ತದೆ. ಕೆಲವರು "ಎಕ್ಸ್‌ಪೋರ್ಟ್ ಮುದ್ರೆ ಉಂಟಲ್ಲ" ಅನ್ನುತ್ತಾರೆ. ಆ ಎಚ್‌ಟಿ ಮುದ್ರೆ ಹೇಳುವುದು ಮರದ ಹುಳ ಸಾಯುವಷ್ಟು ಬಿಸಿ ಕೊಟ್ಟಿದ್ದಾರೆ ಅಂತ. ಪ್ಯಾಲೆಟ್ ಗಟ್ಟಿ ಇದೆ ಅಂತ ಅಲ್ಲ.

ತೂಕ 300ರಿಂದ 1,000 ಕೆ.ಜಿ. ಒಳಗೆ, ಪ್ಯಾಲೆಟ್ ಸೇರಿ. ನಮ್ಮ ಬ್ರೇಕ್‌ಗಳನ್ನು ಕೂರಿಸಿರುವುದು ಈ ತೂಕಕ್ಕೆ. ಕಡಿಮೆಗೂ ಮಿತಿ ಯಾಕೆ ಅಂತ ಕೇಳಬಹುದು. ಖಾಲಿ ಡಬ್ಬಗಳ ಹಗುರ ಪ್ಯಾಲೆಟ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಹಿಂದಿನಿಂದ ಬರುವ ಭಾರದ್ದು ಅದಕ್ಕೆ ಗುದ್ದುತ್ತದೆ. ಅಂಥವನ್ನು ಸಾದಾ ರ್ಯಾಕ್‌ನಲ್ಲಿ ಇಡುತ್ತೇವೆ. ಗೇರಿನವರಿಗೆ ಒಂದು ಲೆಕ್ಕ: 22.68 ಕೆ.ಜಿ.ಯ 40 ಪೆಟ್ಟಿಗೆ ಅಂದರೆ 907 ಕೆ.ಜಿ., ಆರಾಮ. 44 ಇಟ್ಟರೆ ಮಾಲೇ 998, ಮೇಲೆ ಪ್ಯಾಲೆಟ್ ಮತ್ತು ರಟ್ಟಿನ ತೂಕ. ಅದು ಆಗುವುದಿಲ್ಲ. ಸುತ್ತುವ ಪ್ಲಾಸ್ಟಿಕ್ ಪ್ಯಾಲೆಟ್‌ನ ಮರವನ್ನೂ ಹಿಡಿದಿರಲಿ, ಆದರೆ ಬಾಲದ ಹಾಗೆ ಕೆಳಗೆ ಜೋತಾಡದಿರಲಿ, ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಮೂಟೆ ಮಾಲು ವಾಲಿದ್ದರೆ ಒಳಗೆ ತೆಗೆದುಕೊಳ್ಳುವುದಿಲ್ಲ.

ರ್ಯಾಕ್ ಕಂಬಗಳ ತಪಾಸಣೆಯೂ ಬಿಗಿಯಾಗುತ್ತದೆ. ಫೋರ್ಕ್‌ಲಿಫ್ಟ್ ತಾಗಿದ ಕಂಬಕ್ಕೆ ಒಂದು ಮೀಟರ್ ಪಟ್ಟಿ ಹಿಡಿದು, ಒಳಮುಖವಾಗಿ 3 ಮಿ.ಮೀ.ಗಿಂತ ಜಾಸ್ತಿ ಬಾಗಿದ್ದರೆ ರಿಪೇರಿಗೆ, 6 ದಾಟಿದರೆ ಆ ಕ್ಷಣವೇ ಅಲ್ಲಿಯ ಮಾಲು ಖಾಲಿ. ಇದು ಯುರೋಪಿನ ಇಎನ್ 15635 ಮಾನದಂಡದ ಲೆಕ್ಕ, ನಾವೂ ಅದನ್ನೇ ಹಿಡಿದಿದ್ದೇವೆ. ಹಾಗೆ ಖಾಲಿ ಮಾಡುವಾಗ ನಿಮ್ಮ ಮಾಲು ಬೇರೆ ಲೇನ್‌ಗೆ ಹೋದರೆ ಅದೇ ದಿನ ಮೆಸೇಜ್ ಬರುತ್ತದೆ.

ಈಗಾಗಲೇ ಒಳಗಿರುವ ಮಾಲಿಗೆ ಈ ಪ್ಯಾಲೆಟ್ ನಿಯಮ ಇಲ್ಲ, ಹೊಸದಾಗಿ ಬರುವುದಕ್ಕೆ ಮಾತ್ರ. ಪ್ಯಾಲೆಟ್ ಬಗ್ಗೆ ಅನುಮಾನ ಇದ್ದರೆ ಲೋಡ್ ಮಾಡುವ ಮೊದಲೇ ತಿರುಗಿಸಿ ಅಡಿಭಾಗದ ಫೋಟೋ ವಾಟ್ಸಾಪ್ ಮಾಡಿ. ಮೇಲಿನದ್ದು ಬೇಡ, ಅಡಿಯದ್ದು.

ಇಂತಿ,
ಗೋದಾಮು ಪಾಲುದಾರರು, ಬೈಕಂಪಾಡಿ