ಮೈಟೊಕಾಂಡ್ರಿಯಾ ಡಿಎನ್‌ಎ ಮತ್ತು ಮುಪ್ಪು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಮೈಟೊಕಾಂಡ್ರಿಯಾದ ಡಿಎನ್‌ಎ ಕೆಡುವುದೇ ಮುಪ್ಪಿಗೆ ಕಾರಣವೆಂದೂ, ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಅದು ಸರಿಹೋಗುತ್ತದೆಂದೂ ಹೇಳುವ ಸಂದೇಶಗಳನ್ನು ಹಂಚುವ ಮುನ್ನ ದಯವಿಟ್ಟು ಇದನ್ನು ಓದಿ.

ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ 37 ಜೀನ್‌ಗಳ, 16,569 ಬೇಸ್ ಜೋಡಿಗಳ (ಡಿಎನ್‌ಎ ಸರಪಳಿಯ ಕೊಂಡಿಗಳ) ತನ್ನದೇ ಡಿಎನ್‌ಎ ಇದೆ. ವಯಸ್ಸಾದಂತೆ ಅದರಲ್ಲಿ ಮ್ಯುಟೇಶನ್‌ಗಳು (ಡಿಎನ್‌ಎ ಬರಹದಲ್ಲಾಗುವ ಬದಲಾವಣೆಗಳು) ಸೇರುತ್ತಾ ಹೋಗುವುದು ನಿಜ. ವೃದ್ಧರ ಮಿದುಳಿನ ಕೆಲವು ನರಕೋಶಗಳಲ್ಲಿ ಈ ಡಿಎನ್‌ಎಯ ದೊಡ್ಡ ತುಂಡುಗಳೇ ಕಳೆದುಹೋಗಿರುತ್ತವೆ. 2004ರಲ್ಲಿ ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯ ವಿಜ್ಞಾನಿಗಳು, ಈ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪು ತಾನೇ ತಿದ್ದಿಕೊಳ್ಳಲಾಗದಂತೆ ಮಾರ್ಪಡಿಸಿದ ಇಲಿಗಳನ್ನು ಬೆಳೆಸಿದಾಗ, ಅವು ಎಳೆಯ ಪ್ರಾಯದಲ್ಲೇ ಕೂದಲುದುರಿ, ಬೆನ್ನು ಬಾಗಿ, ಮೂಳೆ ಸವೆದು, ರಕ್ತಹೀನತೆಯಿಂದ ಬಳಲಿ ಬೇಗ ಸತ್ತವು. ಆದರೆ ಇಂಥದೇ ಇಲಿಗಳ ಮೇಲೆ ನಡೆದ 2005ರ ಅಧ್ಯಯನದಲ್ಲಿ ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಚುರುಕು ಅಣುಗಳಿಂದ ಜೀವಕೋಶಗಳಿಗಾಗುವ, ಆಂಟಿಆಕ್ಸಿಡೆಂಟ್‌ಗಳು ತಡೆಯುತ್ತವೆನ್ನಲಾಗುವ ಹಾನಿ) ಹೆಚ್ಚಿದ್ದು ಕಂಡುಬರಲಿಲ್ಲ. ಹೀಗಿರುವಾಗ ಆಂಟಿಆಕ್ಸಿಡೆಂಟ್ ಮಾತ್ರೆಗಳ ಜಾಹೀರಾತಿಗೆ ಈ ಪ್ರಯೋಗವನ್ನು ಆಧಾರವೆಂದು ತೋರಿಸುವುದು ಖಂಡಿತ ತಪ್ಪು. ಆ ಕಿಣ್ವದ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದ ಇಲಿಗಳಲ್ಲಿ ಮ್ಯುಟೇಶನ್‌ಗಳು ಸಹಜಕ್ಕಿಂತ ನೂರಾರು ಪಟ್ಟು ಹೆಚ್ಚಿದ್ದರೂ ಅಕಾಲ ಮುಪ್ಪು ಬರಲಿಲ್ಲವೆಂಬುದನ್ನೂ 2007ರ ಅಧ್ಯಯನ ತೋರಿಸಿದೆ.

ಮನೆಯ ಹಿರಿಯರು ಇಂಥ ಸಂದೇಶ ನಂಬಿ ನಿತ್ಯದ ಔಷಧಿ ಬಿಡದಂತೆ ನೋಡಿಕೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.