ಮಗುವನ್ನು ಬಿಟ್ಟು ಹೋಗಿ ಎನ್ನುವ ಕೇಂದ್ರಗಳು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ, ಹದಿನಾರು ವರ್ಷದ ಮಗಳ ತಾಯಿ. ಕಳೆದ ವರ್ಷ ಅವಳನ್ನು ನೋಡುತ್ತಿದ್ದ ಮನೋವೈದ್ಯರು, ‘ಸ್ವಲ್ಪ ದಿನ ಅಡ್ಮಿಟ್ ಮಾಡಿ ನೋಡೋದು ಒಳ್ಳೇದು, ಎಲ್ಲಿ ಅಂತ ನೀವೂ ಯೋಚಿಸಿ’ ಎಂದರು. ಆ ‘ಎಲ್ಲಿ’ ಬಗ್ಗೆಯೇ ಈ ಪತ್ರ. ಮಗಳ ಕಾಯಿಲೆ ಏನು, ಹೇಗೆ ಶುರುವಾಯಿತು ಎಂದು ಬರೆಯುವುದಿಲ್ಲ. ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ. ಈಗ ಮನೆಯಲ್ಲಿದ್ದಾಳೆ, ಮಾತ್ರೆ ನಡೆಯುತ್ತಿದೆ, ಕಾಲೇಜಿಗೂ ಹೋಗುತ್ತಿದ್ದಾಳೆ. ಅಷ್ಟು ಸಾಕು.

ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ ಯಾವ ಆಸ್ಪತ್ರೆ ಎಂದು ಓಣಿಯವರನ್ನೆಲ್ಲ ಕೇಳುತ್ತಿದ್ದೆ. ಇದನ್ನು ಯಾರನ್ನು ಕೇಳುವುದು? ಅಕ್ಕನಿಗೇ ಹೇಳಿರಲಿಲ್ಲ. ನಾಳೆ ಹೆಣ್ಣು ಕೇಳಲು ಬರುವವರು ಏನಂದಾರು ಎಂಬ ಯೋಚನೆ ನಮ್ಮ ಮನೆಯಲ್ಲೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಹಾಗಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕುವುದೇ ದಾರಿಯಾಯಿತು. ಒಮ್ಮೆ ಹುಡುಕಿದ್ದೇ ತಡ, ಖಾಸಗಿ ಕೇಂದ್ರಗಳ ಜಾಹೀರಾತುಗಳು ಬೆನ್ನು ಬಿದ್ದವು. ಹಸಿರು ಹುಲ್ಲುಹಾಸು, ಯೋಗ ಮಾಡುವ ಹುಡುಗರು, ‘ಶೇ 100 ಗ್ಯಾರಂಟಿ’. ಕರೆ ಮಾಡಿದರೆ ಮೊದಲು ಕೇಳುವುದು ಮಗುವಿನ ವಯಸ್ಸಲ್ಲ, ನಮ್ಮ ಬಜೆಟ್ಟು. ಒಬ್ಬರಂತೂ ಇಷ್ಟು ಸಲೀಸಾಗಿ ಹೇಳಿದರು:

‘ಮೂರು ತಿಂಗಳ ಪ್ಯಾಕೇಜು ಮೇಡಂ. ಅಡ್ವಾನ್ಸ್ ಹಾಕಿ, ನಮ್ಮ ಹುಡುಗ್ರು ಗಾಡಿ ತಂದು ಕರ್ಕೊಂಡು ಹೋಗ್ತಾರೆ. ಮೊದಲ ತಿಂಗಳು ನೀವು ಬರೋ ಹಾಗಿಲ್ಲ, ಫೋನೂ ಇಲ್ಲ. ಅಪ್ಪ ಅಮ್ಮನ್ನ ನೋಡಿದ್ರೆ ಮಕ್ಕಳು ಹಟ ಮಾಡ್ತಾರೆ.’

ಹದಿನಾರು ವರ್ಷದ ಹುಡುಗಿಯನ್ನು ಅಪರಿಚಿತ ಗಂಡಸರು ಬಂದು ಗಾಡಿಗೆ ಹತ್ತಿಸಿಕೊಂಡು ಹೋಗುತ್ತಾರೆ ಎಂಬುದನ್ನು ಗ್ಯಾಸ್ ಸಿಲಿಂಡರ್ ಡೆಲಿವರಿಯ ಹಾಗೆ ಹೇಳಿದ ಆ ದನಿ ನನಗೆ ಇನ್ನೂ ನೆನಪಿದೆ.

ಬೆಂಗಳೂರಿನ ಹೊರವಲಯದ ಇನ್ನೊಂದು ಕೇಂದ್ರಕ್ಕೆ ನಾನೂ ಯಜಮಾನರೂ ಖುದ್ದಾಗಿ ಹೋದೆವು. ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ. ಕಿಟಕಿಗಳಿಗೆ ಒಳಗಿನಿಂದ ಜಾಲರಿ ಬಡಿದಿದ್ದರು. ಆಫೀಸಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಕಾಗದಗಳು: ಟ್ರಸ್ಟ್ ನೋಂದಣಿ ಪತ್ರ, ಯೋಗ ತರಬೇತಿಯ ಪ್ರಮಾಣಪತ್ರ, ಯಾರೋ ಗಣ್ಯರಿಗೆ ಹಾರ ಹಾಕುತ್ತಿರುವ ಫೋಟೊ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಎಲ್ಲಿ ಎಂದು ಕೇಳಿದೆ. ‘ಎಲ್ಲಾ ಇದೆ, ಆಡಿಟರ್ ಹತ್ರ ಇದೆ’ ಎಂದರು. ನಡುಮನೆಯಲ್ಲಿ, ಕುಡಿತ ಬಿಡಿಸಲು ಸೇರಿಸಿದ್ದ ನಲವತ್ತು ಐವತ್ತರ ಗಂಡಸರ ನಡುವೆ ಒಬ್ಬ ಹುಡುಗ ಬೆಡ್‌ಶೀಟ್ ಮಡಚುತ್ತಿದ್ದ. ತಲೆ ಬೋಳಿಸಿತ್ತು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ನಮ್ಮ ಜೊತೆಗಿದ್ದವರು ಅತ್ತ ತಿರುಗಿದಾಗ ಮೆಲ್ಲಗೆ ಕೇಳಿದ: ‘ಆಂಟಿ, ಇವತ್ತು ತಾರೀಕು ಎಷ್ಟು?’

ಹೇಳಿದೆ. ಅವನು ಬೆರಳಲ್ಲಿ ಲೆಕ್ಕ ಹಾಕತೊಡಗಿದ.

ಆಮೇಲೆ ನಾನು ಕಾಯ್ದೆ ಓದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ 29ರಂದು. ಕಾನೂನಿನ ಭಾಷೆ ಕಷ್ಟ, ಆದರೆ ಸೆಕ್ಷನ್ 87 ಓದಿ ಬೆರಗಾದೆ. ಹದಿನೆಂಟು ತುಂಬದ ಮಗುವನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕಾದರೆ ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಇಲ್ಲವೇ ವೈದ್ಯರು, ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ಅದೂ ಸೇರಿಸುವ ದಿನ ಅಥವಾ ಅದಕ್ಕೆ ಹಿಂದಿನ ಏಳು ದಿನದೊಳಗೆ. ಊರಲ್ಲೇ ಸಿಗುವ ಚಿಕಿತ್ಸೆಗಳು ಕೈಗೂಡಲಿಲ್ಲ, ಇಲ್ಲವೇ ಈ ಮಗುವಿಗೆ ಒಗ್ಗುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು. ಮಗುವಿನ ಇಷ್ಟವೇನು ಎಂದೂ ತಿಳಿದುಕೊಳ್ಳಬೇಕು. ದೊಡ್ಡವರಿಂದ ಬೇರೆಯಾಗಿ ಇರಿಸಬೇಕು. ಮತ್ತು ತಂದೆ ತಾಯಿ, ಅಥವಾ ಅವರು ನೇಮಿಸಿದ ಒಬ್ಬರು, ಎಲ್ಲ ಸಂದರ್ಭದಲ್ಲೂ, ಸೇರಿದ ದಿನದಿಂದ ಬಿಡುಗಡೆಯ ದಿನದವರೆಗೆ, ಮಗುವಿನ ಜೊತೆ ಅಲ್ಲೇ ಇರಬೇಕು. ತಂದೆ ತಾಯಿ ‘ಸಾಕು, ಕರೆದುಕೊಂಡು ಹೋಗುತ್ತೇವೆ’ ಎಂದರೆ ಬಿಡುಗಡೆ ಮಾಡಲೇಬೇಕು.

ಹಾಗಾದರೆ ‘ಮೊದಲ ತಿಂಗಳು ನೀವು ಬರೋ ಹಾಗಿಲ್ಲ’ ಎಂದದ್ದು ಆ ಕೇಂದ್ರದ ಶಿಸ್ತಲ್ಲ, ನೇರವಾಗಿ ಕಾನೂನು ಮುರಿಯುವ ಮಾತು. ಮೂರು ತಿಂಗಳ ಪ್ಯಾಕೇಜೂ ಅಷ್ಟೇ. ಆ ಹುಡುಗನ ಬೋಳುತಲೆಯೂ ಅಷ್ಟೇ: ಬಲವಂತವಾಗಿ ತಲೆ ಬೋಳಿಸಬಾರದು ಎಂದು ಸೆಕ್ಷನ್ 20ರಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ವ್ಯಸನಮುಕ್ತಿ ಕೇಂದ್ರ, ನಾವು ಆಶ್ರಮ, ನಮಗೆ ಇದು ಅನ್ವಯಿಸದು ಎಂದು ನುಣುಚಿಕೊಳ್ಳಲೂ ಆಗದು. ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನು ಕಾಯ್ದೆ ಮಾನಸಿಕ ಕಾಯಿಲೆಯೊಳಗೇ ಸೇರಿಸಿದೆ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಟ್ರಸ್ಟು, ಯಾರೇ ನಡೆಸಲಿ, ಕಾಯಿಲೆ ಇರುವವರನ್ನು ಆರೈಕೆಗೆಂದು ಇರಿಸಿಕೊಂಡರೆ ನೋಂದಣಿ ಕಡ್ಡಾಯ.

ಮನೆಯವರು ಜೊತೆಗಿರಬೇಕು ಎಂಬುದು ಯಾರೋ ದೆಹಲಿಯಲ್ಲಿ ಕೂತು ಹೊಸದಾಗಿ ಕಂಡುಹಿಡಿದ ನಿಯಮವಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡಿದ್ದರು. ನಮ್ಮ ನಿಮ್ಹಾನ್ಸ್‌ನಲ್ಲೂ ಮಕ್ಕಳ ವಿಭಾಗದಲ್ಲಿ ತಾಯಿಯೋ ತಂದೆಯೋ ಜೊತೆಗಿದ್ದೇ ಚಿಕಿತ್ಸೆ ನಡೆಯುತ್ತದೆ. ಮನೆಯವರನ್ನು ಹೊರಗಿಟ್ಟರೆ ಏನಾಗಬಹುದು ಎಂಬುದಕ್ಕೂ ಈ ದೇಶದಲ್ಲಿ ಸಾಕ್ಷಿ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಕಾರಣಕ್ಕೆ ಓಡಲಾಗದೆ 28 ಜನ ಸತ್ತರು. ಆ ಖಾಸಗಿ ಕೇಂದ್ರ ಸಣ್ಣ ಊರಿನದ್ದೇ, ನಂಬಿ ಬಿಟ್ಟು ಹೋದವರೂ ನಮ್ಮಂಥವರೇ.

ಎಲ್ಲ ಮನೆಗೂ ಈ ನಿಯಮ ಹೂವಿನ ಹಾಸಿಗೆಯಲ್ಲ ಎಂಬುದೂ ಗೊತ್ತು. ಕೆಲವು ಮಕ್ಕಳ ಸಂಕಟದ ಮೂಲ ಮನೆಯೇ ಆಗಿರುತ್ತದೆ, ಅಪ್ಪ ಎದುರಿಗಿದ್ದರೆ ಬಾಯಿಯೇ ಬಿಡುವುದಿಲ್ಲ. ಅಂಥವರಿಗೆ ಅತ್ತೆಯೋ ಚಿಕ್ಕಮ್ಮನೋ ಜೊತೆಗಿರಲಿ ಎಂದೇ ಕಾಯ್ದೆ ದಾರಿ ಬಿಟ್ಟಿದೆ. ದೊಡ್ಡ ತೊಡಕು ದುಡ್ಡಿನದು. ನನಗೆ ಸರ್ಕಾರಿ ನೌಕರಳಾಗಿ ಶಿಶುಪಾಲನಾ ರಜೆ ಇದೆ, ಸಂಬಳ ನಿಲ್ಲುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಏನು ಮಾಡಬೇಕು? ನನ್ನ ತರಗತಿಯ ಒಬ್ಬ ಹುಡುಗನ ತಾಯಿ ತೀರಿಕೊಂಡಿದ್ದಾಳೆ, ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿ, ಮನೆಯಲ್ಲಿ ಒಬ್ಬಳು ಅಕ್ಕ. ಆ ಅಕ್ಕನಿಗೇ ಕಾಯಿಲೆ ಬಂದರೆ, ಹೆಣ್ಣುಮಗುವಿನ ಜೊತೆ ಹೆಣ್ಣು ಸಹಾಯಕಿಯೇ ಇರಬೇಕು ಎನ್ನುತ್ತದೆ ಕಾಯ್ದೆ. ಒಳ್ಳೆಯ ನಿಯಮವೇ. ಆ ಸಹಾಯಕಿಯ ಕೂಲಿ ಯಾರು ಕೊಡುತ್ತಾರೆ? ಇಂಥ ಮನೆಯವರೇ ‘ಬಿಟ್ಟು ಹೋಗಿ, ನಾವು ನೋಡ್ಕೋತೀವಿ’ ಎನ್ನುವವರ ಬಾಗಿಲು ತಟ್ಟುವುದು. ಅವರಿಗೆ ಅಡ್ವಾನ್ಸ್ ಕೊಡಲು ಸಾಲ ಮಾಡುತ್ತಾರೆ, ಒಡವೆ ಅಡ ಇಡುತ್ತಾರೆ. ಜೊತೆಗಿರುವವರಿಗೆ ದಿನದ ಭತ್ಯೆ ಮತ್ತು ಊಟ ಕೊಟ್ಟರೆ ಸರ್ಕಾರ ಮುಳುಗಿ ಹೋಗುವಷ್ಟು ಖರ್ಚಾಗದು.

ಇದು ಎಲ್ಲೋ ಒಂದಿಬ್ಬರ ಮನೆಯ ಮಾತೂ ಅಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತ್ತು. ಅರವತ್ತು ಮಕ್ಕಳ ತರಗತಿಗೆ ನಾಲ್ವರು. ಅವರಲ್ಲಿ ಹೆಚ್ಚಿನವರಿಗೆ ಅಡ್ಮಿಷನ್ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ತಪ್ಪದೆ ವೈದ್ಯರು ಬಂದರೆ, ಬಂದ ಮಕ್ಕಳ ಜೊತೆ ಹತ್ತು ನಿಮಿಷ ಕೂತು ಮಾತಾಡಿದರೆ ಅರ್ಧ ಕೆಲಸ ಆಗುತ್ತದೆ. ಅಡ್ಮಿಷನ್ ಬೇಕಾದ ಆ ಕೆಲವರ ಮನೆಯವರಿಗೆ ಕಾಣುವ ಸರ್ಕಾರಿ ದಾರಿ ಎರಡು: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ಬೀದರಿನವರಿಗೆ, ಕೊಳ್ಳೇಗಾಲದವರಿಗೆ ಅದು ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ನಡುವಿನ ಖಾಲಿ ಜಾಗದಲ್ಲೇ ಈ ಪ್ಯಾಕೇಜುಗಳು ಬೆಳೆದಿರುವುದು. ಖಾಸಗಿಯವರೆಲ್ಲ ಕೆಟ್ಟವರು ಎನ್ನುತ್ತಿಲ್ಲ. ಕೊನೆಗೆ ನನ್ನ ಮಗಳು ಗುಣವಾಗತೊಡಗಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲೇ. ಅಲ್ಲಿನ ನರ್ಸ್ ಮೊದಲ ದಿನ ಕೇಳಿದ ಪ್ರಶ್ನೆ, ‘ಅಮ್ಮ, ನೀವು ಉಳಿಯೋಕೆ ಬಟ್ಟೆ ತಂದಿದ್ದೀರಾ?’

ಒಳ್ಳೆಯ ಕೇಂದ್ರ ಯಾವುದು, ಮೋಸದ್ದು ಯಾವುದು ಎಂದು ತಾಯಿಗೆ ಗೊತ್ತಾಗುವುದು ಹೇಗೆ? ಇಲ್ಲಿ ನಿಮ್ಮ ಇಲಾಖೆಯ ಕೆಲಸ ಬರುತ್ತದೆ. ಸೆಕ್ಷನ್ 55ರ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಎಲ್ಲ ಕೇಂದ್ರಗಳ ನೋಂದಣಿ ಪುಸ್ತಕ ಇಡಬೇಕು, ಅಂತರ್ಜಾಲದಲ್ಲೂ ಪ್ರಕಟಿಸಬೇಕು. ಆ ಪ್ರಾಧಿಕಾರದ ಅಧ್ಯಕ್ಷರು ನಿಮ್ಮ ಇಲಾಖೆಯ ಕಾರ್ಯದರ್ಶಿಯೇ. ಬರೀ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರುವ ಪಟ್ಟಿಯಿಂದ ನಮ್ಮಂಥವರಿಗೆ ಉಪಯೋಗವಿಲ್ಲ. ನನಗೆ ಬೇಕಿದ್ದದ್ದು ಇಷ್ಟು: ಈ ಜಾಗದಲ್ಲಿ ಹದಿನೆಂಟರೊಳಗಿನವರನ್ನು ಸೇರಿಸಿಕೊಳ್ಳುತ್ತಾರೆಯೇ, ಅವರಿಗೆ ಬೇರೆ ವಾರ್ಡ್ ಇದೆಯೇ, ಜೊತೆಗಿರುವವರಿಗೆ ಮಲಗಲು ಜಾಗ ಇದೆಯೇ, ಮನೋವೈದ್ಯರು ದಿನಾ ಬರುತ್ತಾರೋ ವಾರಕ್ಕೊಮ್ಮೆಯೋ, ಕಾಯ್ದೆ ಹೇಳುವ ಮೂರು ವರ್ಷಕ್ಕೊಮ್ಮೆಯ ಆಡಿಟ್ ಕೊನೆಯ ಸಲ ಯಾವಾಗ ಆಯಿತು, ಯಾವುದಾದರೂ ದೂರು ಸಾಬೀತಾಗಿದೆಯೇ. ಕನ್ನಡದಲ್ಲಿ, ಜಿಲ್ಲೆವಾರು. ಮೊಬೈಲಿಲ್ಲದವರೂ ಇದ್ದಾರೆ, ಓದಲು ಬಾರದವರೂ ಇದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಆ ಕಡೆ ಇರುವವರು ಇದೇ ಪಟ್ಟಿ ನೋಡಿ ‘ನಿಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಇಂಥ ಕಡೆ ಇದೆ’ ಎಂದು ಹೇಳುವಂತಾಗಲಿ. ಕೇಂದ್ರ ಸರ್ಕಾರದ ಕೈಯಲ್ಲಿರುವ ಸಂಸ್ಥೆಗಳು ನೋಂದಣಿಯಾಗುವುದು ಕೇಂದ್ರ ಪ್ರಾಧಿಕಾರದಲ್ಲಿ, ಹಾಗಾಗಿ ನಿಮ್ಹಾನ್ಸ್ ರಾಜ್ಯದ ಪುಸ್ತಕಕ್ಕೆ ಬಾರದೇ ಹೋಗಬಹುದು. ದಯವಿಟ್ಟು ಎರಡನ್ನೂ ಒಂದೇ ಕಡೆ ತೋರಿಸಿ. ಯಾವುದು ಯಾರ ಸುಪರ್ದಿ ಎಂದು ಮಗುವಿನ ಕೈ ಹಿಡಿದು ನಿಂತವರಿಗೆ ಬೇಕಾಗಿಲ್ಲ.

ಇನ್ನು ಇಂಥ ಅಡ್ಮಿಷನ್‌ಗಳ ಮೇಲೆ ಕಣ್ಣಿಡಲು ಇದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗಳು. ಮಗುವನ್ನು ಸೇರಿಸಿಕೊಂಡ 72 ಗಂಟೆಯೊಳಗೆ ಕೇಂದ್ರದವರು ಮಂಡಳಿಗೆ ತಿಳಿಸಬೇಕು. ಮೂವತ್ತು ದಿನ ದಾಟಿದರೆ ಕೂಡಲೇ ಮತ್ತೆ ತಿಳಿಸಬೇಕು. ಆಗ ಮಂಡಳಿ ಏಳು ದಿನದೊಳಗೆ ಪರಿಶೀಲಿಸಬೇಕು, ಆಮೇಲೆ ಪ್ರತಿ ಮೂವತ್ತು ದಿನಕ್ಕೂ ನೋಡಬೇಕು. ಬೇಕೆನಿಸಿದರೆ ಅಲ್ಲಿಗೇ ಹೋಗಿ ಮಗುವಿನ ಜೊತೆ ಮಾತಾಡುವ ಅಧಿಕಾರವೂ ಮಂಡಳಿಗಿದೆ. ಮೂರು ತಿಂಗಳ ಪ್ಯಾಕೇಜಿನಲ್ಲಿ ಮಾರುವ ಪ್ರತಿ ಮಗುವಿನ ವಿಷಯ ಹಲವು ಸಲ ಮಂಡಳಿಯ ಮೇಜಿನ ಮೇಲೆ ಬಂದಿರಬೇಕು ಎಂದಾಯಿತು. ಬೆಡ್‌ಶೀಟ್ ಮಡಚುತ್ತಿದ್ದ ಹುಡುಗನ ಕಾಗದ ಬಂದಿತ್ತೇ? ಅವನ ಹೆಸರು ನನಗೆ ಗೊತ್ತಿಲ್ಲ. ಮಂಡಳಿಗಾದರೂ ಗೊತ್ತಿರಬೇಕಿತ್ತು.

ದಂಡದ ಬಗ್ಗೆ ಒಂದೇ ಮಾತು. ನೋಂದಣಿ ಇಲ್ಲದೆ ಕೇಂದ್ರ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿ. ನನಗೆ ಫೋನಿನಲ್ಲಿ ಹೇಳಿದ ಒಂದು ತಿಂಗಳ ಶುಲ್ಕವೇ ಅದಕ್ಕಿಂತ ಹೆಚ್ಚಿತ್ತು. ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ, ನಿಮ್ಮ ಕೈಯಲ್ಲಿಲ್ಲ. ಹೋಗಿ ನೋಡುವುದು, ತಪಾಸಣೆ ಮಾಡಿಸುವುದು, ನೋಂದಣಿ ಇಲ್ಲದವರ ಬಾಗಿಲು ಮುಚ್ಚಿಸಿ ಒಳಗಿರುವ ಮಕ್ಕಳನ್ನು ಸುರಕ್ಷಿತ ಜಾಗಕ್ಕೆ ಸೇರಿಸುವುದು ನಿಮ್ಮ ಕೈಯಲ್ಲಿದೆ. ಹಾಗೆ ಮುಚ್ಚಿಸುವಾಗ ಮಕ್ಕಳನ್ನು ಬೀದಿಗೆ ಬಿಡದಂತೆ ಮೊದಲೇ ಹಾಸಿಗೆ ನೋಡಿಟ್ಟುಕೊಂಡು ಹೋಗಲು ನಿಮ್ಮ ಜಿಲ್ಲಾ ಅಧಿಕಾರಿಗಳಿಗೆ ತಿಳಿಸಿ.

ಉತ್ತರ ಬರೆಯುವುದಾದರೆ ಒಂದು ಪ್ರಶ್ನೆಗೆ ಬರೆಯಿರಿ ಸಾಕು. ಕಳೆದ ಒಂದು ವರ್ಷದಲ್ಲಿ ಸೆಕ್ಷನ್ 87ರಡಿ ರಾಜ್ಯದ ಪರಿಶೀಲನಾ ಮಂಡಳಿಗಳಿಗೆ ಎಷ್ಟು ಮಕ್ಕಳ ಅಡ್ಮಿಷನ್ ವರದಿ ಬಂದಿದೆ, ಅದರಲ್ಲಿ ಎಷ್ಟು ಮಕ್ಕಳನ್ನು ಮಂಡಳಿಯವರು ಹೋಗಿ ಮಾತಾಡಿಸಿದ್ದಾರೆ? ಹೆಸರು ಬೇಡ, ಊರು ಬೇಡ. ಜಿಲ್ಲೆವಾರು ಸಂಖ್ಯೆ ಕೊಡಿ.

ಇಂತಿ,
ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ